ಎಡವಿಯೂ ನಡೆದವರು

ಸಪ್ತಾಪುರ ಬಾವಿಯ ಬಳಿ ಸಂಜೆಯ ಹೊತ್ತು ಒಂದು ಗಳಿಗೆ ನಿಂತು ನೋಡಿದವರಿಗೆ ನಮ್ಮ ಭಾಗದ ಇಂದಿನ ಬದುಕು ತಾನಾಗಿಯೇ ತಿಳಿಯುತ್ತದೆ. ಹೆಜ್ಜೆಗೊಂದು ತರಬೇತಿ ಕೇಂದ್ರ, ಮನೆಗೊಂದು ಬಾಡಿಗೆಯ ಕೋಣೆ, ಮೂಲೆಗೊಂದು ಖಾನಾವಳಿ. ವಿಜಯಪುರ, ಕಲಬುರ್ಗಿ, ಕೊಪ್ಪಳ, ಹಾವೇರಿ ಜಿಲ್ಲೆಗಳ ಹಳ್ಳಿಗಳಿಂದ ಬಂದ ತರುಣ ತರುಣಿಯರು ಬಗಲಲ್ಲಿ ಪುಸ್ತಕ ಹಿಡಿದು ಅವಸರದಿಂದ ಓಡಾಡುತ್ತಿರುತ್ತಾರೆ. ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಮನೆತನದ ಆಸೆ ಕಟ್ಟಿಕೊಂಡಿದೆ. ಎರಡೆಕರೆ ಹೊಲ ಲಾವಣಿಗೆ ಹಾಕಿದ ತಂದೆ, ಕಿವಿಯೋಲೆ ಒತ್ತೆಯಿಟ್ಟ ತಾಯಿ, ಶಾಲೆ ಬಿಟ್ಟು ದುಡಿಯಲು ನಿಂತ ತಮ್ಮ, ಇವರೆಲ್ಲ ಆ ಪುಸ್ತಕದ ಹಿಂದೆ ಇದ್ದಾರೆ. ಹುದ್ದೆಗಳು ನೂರಾರು, ಕುಳಿತವರು ಲಕ್ಷಾಂತರ. ಆದ್ದರಿಂದ ಗೆದ್ದವರಿಗಿಂತ ಸೋತವರೇ ಹೆಚ್ಚಾಗಿರುವುದು ಇಲ್ಲಿಯ ನಿತ್ಯದ ಲೆಕ್ಕ.

ಕೆಲವು ದಿನಗಳ ಹಿಂದೆ ಪರಿಚಯದ ತಾಯಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗನಿಗೆ ಇಪ್ಪತ್ತೇಳು ವಯಸ್ಸು. ನಾಲ್ಕು ವರ್ಷ ಓದಿದ್ದಾನೆ, ಮೂರು ಪರೀಕ್ಷೆ ಬರೆದಿದ್ದಾನೆ, ಮೂರರಲ್ಲಿಯೂ ಸ್ವಲ್ಪದರಲ್ಲಿಯೇ ತಪ್ಪಿದ್ದಾನೆ. ಕೊನೆಯ ಫಲಿತಾಂಶ ಬಂದಂದಿನಿಂದ ಪುಸ್ತಕ ಮುಟ್ಟಿಲ್ಲ, ಸರಿಯಾಗಿ ಊಟ ಮಾಡಿಲ್ಲ, ಯಾರೊಡನೆಯೂ ಮಾತಾಡಿಲ್ಲ. "ಅಣ್ಣಾರ, ನೀವರ ಇವಗ ನಾಕ ಮಾತ ಹೇಳ್ರಿ" ಎಂದು ಆ ತಾಯಿ ಕಣ್ಣಲ್ಲಿ ನೀರು ತಂದುಕೊಂಡರು. ನಾವು ನಮ್ಮ ರೂಢಿಯಂತೆ ಶರಣರ ಬದುಕನ್ನು ನೆನಪಿಸಿ, ಅವರು ಕಷ್ಟಗಳಿಗೆ ಎದೆಯೊಡ್ಡಿ ನಿಂತ ಬಗೆಯನ್ನು ಹೇಳಲು ತೊಡಗಿದೆವು. ಹುಡುಗ ಬಹಳ ಹೊತ್ತು ತಲೆ ತಗ್ಗಿಸಿ ಕೇಳಿದ. ಕೊನೆಗೆ ಮೆಲ್ಲಗೆ ಅಂದ: "ಕಾಕಾರ, ಅವರು ಹುಟ್ಟತನ ದೊಡ್ಡಾವ್ರು. ತಪ್ಪ ಮಾಡಲಾರದವ್ರು. ನಮ್ಮಂಥಾವ್ರಿಗೆ ಅವರ ಕಥಿ ಏನ್ ಉಪಯೋಗ ಆಗ್ತೈತ್ರಿ?"

ಆ ದಿನ ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅವರಿಬ್ಬರೂ ಹೋದ ಮೇಲೆ ಆ ಮಾತು ರಾತ್ರಿಯೆಲ್ಲ ನಮ್ಮನ್ನು ಕಾಡಿತು. ವಿಚಾರಿಸಿದಷ್ಟೂ ತಪ್ಪು ಹುಡುಗನದಲ್ಲ, ನಮ್ಮದೇ ಎನಿಸಿತು. ಎಷ್ಟು ವರ್ಷಗಳಿಂದ ನಾವು ವೇದಿಕೆಗಳ ಮೇಲೆ ನಿಂತು ಶರಣರನ್ನು ಹಾಡಿ ಹೊಗಳಿದ್ದೇವೆ! ಅವರ ಭಾವಚಿತ್ರಗಳಿಗೆ ಮಾಲೆ ಹಾಕಿದ್ದೇವೆ, ತಲೆಯ ಸುತ್ತ ಪ್ರಭಾವಳಿ ಬರೆಸಿದ್ದೇವೆ. ಅವರು ಎಡವಿದ್ದನ್ನು, ಸಿಟ್ಟಾದದ್ದನ್ನು, ನೊಂದದ್ದನ್ನು, ಇನ್ನೊಬ್ಬರಿಂದ ತಿದ್ದಿಸಿಕೊಂಡದ್ದನ್ನು ಮಾತ್ರ ಭಕ್ತಿಯ ಹೆಸರಿನಲ್ಲಿ ಮರೆಮಾಡುತ್ತ ಬಂದಿದ್ದೇವೆ. ಹೀಗೆ ಮಾಡಿ ಶರಣರನ್ನು ಎತ್ತರಕ್ಕೇರಿಸಿದೆವೆಂದು ತಿಳಿದಿದ್ದೆವು. ನಿಜವಾಗಿ ನೋಡಿದರೆ, ಬಿದ್ದವನ ಕೈಗೆ ಅವರು ಸಿಗದಂತೆ ಮಾಡಿದ್ದೇವೆ. ಈ ಸಲದ ಲೇಖನ ಆ ಹುಡುಗನಿಗೆ ನಾವು ಕೊಡಬೇಕಾಗಿದ್ದ ಉತ್ತರ.

ಮೊದಲಿಗೆ ಸೊನ್ನಲಿಗೆಯ ಸಿದ್ಧರಾಮರನ್ನೇ ನೆನೆಯೋಣ. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ನಮ್ಮ ಓದುಗರಲ್ಲಿ ಅನೇಕರು ಮಕರ ಸಂಕ್ರಮಣದ ಜಾತ್ರೆಗೆ ಅಲ್ಲಿಗೆ ಹೋಗಿ, ಕೆರೆಯ ನಡುವೆ ನಿಂತ ಸಿದ್ಧೇಶ್ವರ ಗುಡಿಯ ದರ್ಶನ ಮಾಡಿಕೊಂಡು ಬಂದವರೇ ಇದ್ದೀರಿ. ಮುದ್ದುಗೌಡ ಮತ್ತು ಸುಗ್ಗವ್ವೆಯರ ಈ ಮಗ ಬಾಲ್ಯದಲ್ಲಿ ಜಾಣನೆನಿಸಿಕೊಂಡವನಲ್ಲ. ಮಾತು ಕಡಿಮೆ, ಲೋಕದ ವ್ಯವಹಾರ ತಿಳಿಯದು, ದನ ಕಾಯುವುದೊಂದೇ ಅವನಿಗೆ ಒಪ್ಪಿಸಿದ ಕೆಲಸ. ಅಂಥ ಹುಡುಗನಿಗೆ ಒಂದು ದಿನ ಹೊಲದಲ್ಲಿ ಮಲ್ಲಯ್ಯ ಜಂಗಮರೂಪದಲ್ಲಿ ಕಾಣಿಸಿಕೊಂಡು ಉಣ್ಣಲು ಬೇಡಿದನೆಂದೂ, ಹುಡುಗ ಮನೆಯಿಂದ ಬುತ್ತಿ ತರುವಷ್ಟರಲ್ಲಿ ಮಾಯವಾದನೆಂದೂ ಕಾವ್ಯಗಳು ಹೇಳುತ್ತವೆ. ಮಲ್ಲಯ್ಯನನ್ನು ಹುಡುಕುತ್ತ ಹುಡುಗ ಯಾತ್ರಿಕರ ಬೆನ್ನು ಹತ್ತಿ ಶ್ರೀಶೈಲದವರೆಗೆ ಹೋದ. ಗುಡಿಯಲ್ಲಿ ಜನರು ತೋರಿಸಿದ ಲಿಂಗ ಅವನಿಗೆ ಒಪ್ಪಿಗೆಯಾಗಲಿಲ್ಲ. ತಾನು ಕಂಡ ಮಲ್ಲಯ್ಯ ಅದಲ್ಲವೆಂದು ಕಾಡು ಮೇಡು ಅಲೆದ, ಕೂಗಿ ಕರೆದ. ಎಲ್ಲಿಯೂ ಕಾಣದಾದಾಗ, ಬದುಕಿ ಫಲವೇನೆಂದು ಕಮರಿಯ ಅಂಚಿನಲ್ಲಿ ಹೋಗಿ ನಿಂತ.

ಈ ಪ್ರಸಂಗವನ್ನು ನಾವು ಪುರಾಣದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮಲ್ಲಿಕಾರ್ಜುನ ಬಂದು ಕೈ ಹಿಡಿದನೆಂಬಲ್ಲಿಗೆ ಕೈ ಮುಗಿದು ಮುಂದೆ ಸಾಗುತ್ತೇವೆ. ಆದರೆ ಕೈ ಹಿಡಿಯುವುದಕ್ಕೆ ಮೊದಲಿನ ಒಂದು ಗಳಿಗೆಯನ್ನು ಕುರಿತು ಎಂದಾದರೂ ವಿಚಾರ ಮಾಡಿದ್ದೇವೆಯೇ? ಮುಂದೆ ಸಾವಿರಾರು ಜನಕ್ಕೆ ನೀರು ಕುಡಿಸಲಿರುವ ಮನುಷ್ಯ ಅಲ್ಲಿ ಆಸೆಯನ್ನೆಲ್ಲ ಕಳೆದುಕೊಂಡು ನಿಂತಿದ್ದಾನೆ. ಅವನ ಬಾಳಿನ ಎಲ್ಲ ಕೆಲಸವೂ ಇನ್ನೂ ಮುಂದೆಯೇ ಇದೆ; ಅದರಲ್ಲಿ ಒಂದು ಗುದ್ದಲಿ ಮಣ್ಣು ಕೂಡ ಇನ್ನೂ ಬಿದ್ದಿಲ್ಲ. ಆ ಅಂಚಿನಲ್ಲಿ ನಿಂತು ನೋಡಿದರೆ ಅವನಿಗೆ ಕಾಣುತ್ತಿದ್ದುದು ಕಮರಿ ಮಾತ್ರ, ಕೆರೆ ಕಾಣುತ್ತಿರಲಿಲ್ಲ. ನಿರಾಶೆಯ ಗಳಿಗೆಯಲ್ಲಿ ಮನುಷ್ಯನಿಗೆ ತನ್ನ ಮುಂದಿನ ಬದುಕು ಕಾಣದೆಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಕಥೆ ನಮಗೆ ಗೊತ್ತಿಲ್ಲ.

ಸಿದ್ಧರಾಮರು ಊರಿಗೆ ಮರಳಿದರು. ಕೆರೆ ತೋಡಿಸಿದರು, ಬಾವಿ ಕಟ್ಟಿಸಿದರು, ಗುಡಿಗಳನ್ನು ನಿಲ್ಲಿಸಿದರು. ಬಡವರ ಮಕ್ಕಳ ಲಗ್ನಗಳನ್ನು ಸಾಮೂಹಿಕವಾಗಿ ನೆರವೇರಿಸಿದರೆಂದೂ ಪ್ರತೀತಿಯಿದೆ. ಇಷ್ಟಾದ ಮೇಲೆ ಅವರ ಬಾಳಿನ ಎರಡನೆಯ ಪರೀಕ್ಷೆ ಬಂದಿತು. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದು, ಎಲ್ಲರೂ ಗುರುವೆಂದು ಪೂಜಿಸುತ್ತಿದ್ದ ಸಿದ್ಧರಾಮರನ್ನು ಒಡ್ಡನೆಂದು ಕರೆದರು. ಕೆಲಸದಲ್ಲಿ ತೊಡಗಿದ್ದ ಜನ ಕೆರಳಿ ಪ್ರಭುಗಳ ಮೇಲೆ ಕಲ್ಲು ತೂರಿದರು. ಸುದ್ದಿ ಕೇಳಿದ ಸಿದ್ಧರಾಮರೂ ಶಾಂತರಾಗಿ ಉಳಿಯಲಿಲ್ಲ. ಅವರ ಕೋಪವೇ ಬೆಂಕಿಯಾಗಿ ಉರಿಯಿತೆಂದು ಶೂನ್ಯಸಂಪಾದನೆ ಹೇಳುತ್ತದೆ. ನೋಡಿರಿ, ಸಾವಿರಾರು ಜನರ ದಾಹ ತಣಿಸಲು ಹೊರಟ ಮಹಾತ್ಮರಿಗೆ ತಮ್ಮೊಳಗಿನ ಉರಿಯನ್ನು ತಣಿಸಿಕೊಳ್ಳಲು ಇನ್ನೂ ಸಾಧ್ಯವಾಗಿರಲಿಲ್ಲ!

ಕೆರೆ ಕಟ್ಟಿದ್ದು ತಪ್ಪಾಗಿತ್ತೇ? ಅಲ್ಲವೇ ಅಲ್ಲ. ಕೆರೆ ಇಂದಿಗೂ ಇದೆ. ಆದರೆ ಕೆರೆಯ ಜೊತೆಗೆ 'ನಾನು ಕಟ್ಟಿಸಿದೆ' ಎಂಬುದೂ ಒಳಗೆ ಬೆಳೆಯುತ್ತಿತ್ತು. ಪ್ರಭುಗಳು ಬೆರಳಿಟ್ಟು ತೋರಿಸಿದ್ದು ಅದನ್ನು. ಸಿದ್ಧರಾಮರ ನಿಜವಾದ ದೊಡ್ಡಸ್ತಿಕೆ ಇಲ್ಲಿಂದ ಮುಂದೆ ಕಾಣುತ್ತದೆ. ಅವರು ತಮ್ಮ ಊರು, ತಮ್ಮ ಕೀರ್ತಿ, ತಮ್ಮ ಶಿಷ್ಯಸಮೂಹ ಎಲ್ಲವನ್ನೂ ಹಿಂದೆ ಬಿಟ್ಟು ಪ್ರಭುಗಳ ಜೊತೆಗೆ ಕಲ್ಯಾಣಕ್ಕೆ ನಡೆದರು. ಅಲ್ಲಿಯೂ ಇಷ್ಟಲಿಂಗದ ಅವಶ್ಯಕತೆಯನ್ನು ಕುರಿತು ಸಂದೇಹ ಎತ್ತಿದರು, ವಾದ ಮಾಡಿದರು. ಮನಸ್ಸಿಗೆ ಒಪ್ಪಿಗೆಯಾದ ಮೇಲೆ, ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ಊರಿಗೇ ಗುರುವಾಗಿದ್ದವರು ಕಿರಿಯರ ಮುಂದೆ ಶಿಷ್ಯರಾಗಿ ಕುಳಿತರು. ಮುಂದೆ ಅಲ್ಲಮಪ್ರಭು, ಚನ್ನಬಸವಣ್ಣನವರ ತರುವಾಯ ಶೂನ್ಯಪೀಠದ ಅಧ್ಯಕ್ಷತೆ ಬಂದದ್ದು ಇದೇ ಸಿದ್ಧರಾಮರಿಗೆ. ಎರಡು ಸಲ ಎಡವಿದವರಿಗೆ ಆ ಪೀಠ ದೊರೆಯಿತೆಂಬುದನ್ನು ನಾವು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ?

ಆಯ್ದಕ್ಕಿ ಮಾರಯ್ಯನವರ ಕಥೆಯೂ ಹೀಗೆಯೇ ಇದೆ. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳದು, ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವ ಕಾಯಕ. ಕಾಯಕವೆಂದೊಡನೆ ನಮ್ಮ ನಾಲಿಗೆಗೆ ಮೊದಲು ಬರುವ ಹೆಸರು ಮಾರಯ್ಯನವರದು. ಆದರೆ ಆ ಮಾರಯ್ಯನವರೇ ಒಮ್ಮೆ ಪ್ರಭುಗಳೊಡನೆ ಅನುಭವದ ಮಾತಿನಲ್ಲಿ ಮೈಮರೆತು ಕಾಯಕವನ್ನೇ ಮರೆತರು. ಕಾಯಕದ ಹೊತ್ತು ಮೀರಿತೆಂದು ನೆನಪಿಸಿದವರು ಹೆಂಡತಿ ಲಕ್ಕಮ್ಮನವರು. ಇನ್ನೊಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಬಿದ್ದಿತ್ತು. ಮಾರಯ್ಯನವರು ದಿನದ ಪ್ರಮಾಣಕ್ಕಿಂತ ಹೆಚ್ಚು ಆಯ್ದು ತಂದರು. ಲಕ್ಕಮ್ಮನವರು ಅದನ್ನು ಒಳಗೆ ಸೇರಿಸಲಿಲ್ಲ. ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯೇ ಹೊರತು ಕಾಯಕವಲ್ಲವೆಂದು ತಿಳಿಹೇಳಿ, ಮರಳಿ ಅಲ್ಲಿಯೇ ಸುರಿದು ಬರಲು ಕಳುಹಿಸಿದರು.

ಒಂದು ಮುಷ್ಟಿ ಅಕ್ಕಿಯ ತಪ್ಪು! ಇಂದಿನ ನಮ್ಮ ಲೆಕ್ಕದಲ್ಲಿ ಅದು ತಪ್ಪೇ ಅಲ್ಲ. ಆದರೂ ಶರಣ ಪರಂಪರೆ ಅದನ್ನು ಮರೆಮಾಡಲಿಲ್ಲ. ಮಾರಯ್ಯನವರು ಹೆಂಡತಿಯ ಮಾತು ಕೇಳಿ, ಚೀಲ ಹೆಗಲಿಗೇರಿಸಿ ಬಂದ ದಾರಿಯಲ್ಲಿಯೇ ಮರಳಿ ನಡೆದರು. ಆ ನಡಿಗೆ ನಮಗೆ ಬಹಳ ದೊಡ್ಡದಾಗಿ ಕಾಣುತ್ತದೆ. ತಪ್ಪನ್ನು ತಿಳಿದ ಮೇಲೆ ಎಷ್ಟು ಜನ ಬಂದ ದಾರಿಯನ್ನು ಮರಳಿ ತುಳಿಯುತ್ತೇವೆ? ಮನೆಯ ಹೆಣ್ಣುಮಗಳು ಹೇಳಿದಳೆಂಬ ಕಾರಣಕ್ಕೇ ಸರಿಯಾದ ಮಾತನ್ನು ತಳ್ಳಿಹಾಕುವವರು ನಮ್ಮಲ್ಲಿ ಇಲ್ಲವೇ?

ಬಸವಣ್ಣನವರನ್ನು ಕುರಿತೂ ಒಂದು ಮಾತು ಹೇಳಲೇಬೇಕು. ತಮ್ಮ ಮನಸ್ಸಿನ ಚಂಚಲತೆಯನ್ನು, ಭಕ್ತಿಯಲ್ಲಿ ನುಸುಳುವ ತೋರಿಕೆಯನ್ನು, ಒಳಗೊಂದು ಹೊರಗೊಂದಾಗುವ ಅಂಜಿಕೆಯನ್ನು ಅವರಷ್ಟು ಬಿಚ್ಚಿ ಹೇಳಿಕೊಂಡವರು ಕನ್ನಡದಲ್ಲಿ ವಿರಳ. ಬಿಜ್ಜಳನ ಭಂಡಾರದ ಹೊಣೆ ಹೊತ್ತ ಮಂತ್ರಿ, ಲಕ್ಷಾಂತರ ಜನ ನಂಬಿದ ನಾಯಕ ಹಾಗೆ ಮಾತಾಡಿದ್ದಾರೆ. ದಾಸೋಹದ ಭರದಲ್ಲಿ ತಾನು ಕೊಡಬಲ್ಲವನೆಂಬ ಭಾವ ಅವರಲ್ಲಿ ಇಣುಕಿದಾಗ, ಅದನ್ನು ನಿಷ್ಠುರವಾಗಿ ತಿದ್ದಿದವರು ಬಟ್ಟೆ ಒಗೆಯುವ ಕಾಯಕದ ಮಡಿವಾಳ ಮಾಚಯ್ಯನವರೆಂದು ಪರಂಪರೆ ಹೇಳುತ್ತದೆ. ಮಂತ್ರಿಯನ್ನು ಮಡಿವಾಳ ತಿದ್ದಿದ, ಮಂತ್ರಿ ಒಪ್ಪಿಕೊಂಡ. ಅನುಭವ ಮಂಟಪವೆಂದರೆ ತಪ್ಪಿಲ್ಲದವರು ಸೇರಿದ ಸಭೆ ಎಂದು ನಾವು ತಿಳಿದರೆ ಅದು ನಮ್ಮ ಅಜ್ಞಾನ. ತಪ್ಪನ್ನು ಹೇಳುವ ಧೈರ್ಯ ಮತ್ತು ಕೇಳುವ ವಿನಯ ಎರಡೂ ಇದ್ದವರು ಸೇರಿದ ಸಭೆ ಅದು.

ಆ ಸಭೆಯ ಬಾಗಿಲು ಎಷ್ಟು ದೊಡ್ಡದಾಗಿತ್ತೆಂಬುದನ್ನೂ ನೋಡಿರಿ. ಕನ್ನದ ಮಾರಿತಂದೆಗಳ ಹೆಸರಿನಲ್ಲಿಯೇ ಅವರ ಹಿಂದಿನ ವೃತ್ತಿ ಉಳಿದಿದೆ. ಕನ್ನ ಹಾಕಿ ಕದಿಯುತ್ತಿದ್ದವರು ಶರಣರಾದರು. ಆ ಹೆಸರನ್ನು ಅಳಿಸಿಕೊಳ್ಳಲಿಲ್ಲ. ಸೂಳೆ ಸಂಕವ್ವೆಯವರದು ಇಂದು ನಮಗೆ ದೊರೆತಿರುವುದು ಒಂದೇ ಒಂದು ವಚನ. ಅವರು ಆರಿಸಿಕೊಂಡ ಅಂಕಿತ ನಿರ್ಲಜ್ಜೇಶ್ವರ. ಹಿಂದಿನ ಬಾಳನ್ನು ಮುಚ್ಚಿಡದೆ, ಲಜ್ಜೆಯಿಂದ ಕುಗ್ಗದೆ, ಅಲ್ಲಿಂದಲೇ ಎದ್ದು ನಿಂತ ತಾಯಿ ಅವರು. ಸ್ವಲ್ಪ ಈಚಿನವರಾದ ಉರಿಲಿಂಗಪೆದ್ದಿಗಳು ಕದಿಯಲೆಂದು ಹೋದ ಮನೆಯಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿರುವುದನ್ನು ಕಂಡು ಮನಸ್ಸು ಮಾರ್ಪಟ್ಟವರು. ಸಮಾಜ ಅಸ್ಪೃಶ್ಯರೆಂದು ದೂರವಿಟ್ಟ ಕುಲದಲ್ಲಿ ಹುಟ್ಟಿದವರು. ತನಗೂ ದೀಕ್ಷೆ ಬೇಕೆಂದು ಗುರುವನ್ನು ಬೇಡಿದಾಗ ಅದು ಸುಲಭವಾಗಿ ದೊರೆಯಲಿಲ್ಲ. ಅವರು ಬಿಡಲಿಲ್ಲ. ದಿನಾಲು ಕಟ್ಟಿಗೆಯ ಹೊರೆ ಹೊತ್ತು ತಂದು ಗುರುವಿನ ಮನೆಗೆ ಹಾಕುತ್ತ ಕಾದರು. ಕಡೆಗೆ ಅದೇ ಗುರುವಿನ ಪೀಠಕ್ಕೆ ಒಡೆಯರಾದರು. ಅವರ ವಚನಗಳಲ್ಲಿ ಸಂಸ್ಕೃತದ ಉಕ್ತಿಗಳು ಹೇರಳವಾಗಿವೆ. ಓದುವ ಹಕ್ಕೇ ಇಲ್ಲವೆಂದ ಕಾಲದಲ್ಲಿ ಆ ಓದನ್ನು ಎಷ್ಟು ಕಷ್ಟದಿಂದ ಗಳಿಸಿರಬೇಕು! ತರಬೇತಿಗೆ ಹಣವಿಲ್ಲ, ಇಂಗ್ಲಿಷು ಬರುವುದಿಲ್ಲ ಎಂದು ಕುಗ್ಗುವ ನಮ್ಮ ಹಳ್ಳಿಯ ಮಕ್ಕಳು ನೆನೆಯಬೇಕಾದ ಹೆಸರು ಇದು.

ಸಿದ್ಧರಾಮರ ಚರಿತೆಯನ್ನು ಕಾವ್ಯವಾಗಿ ಬರೆದ ರಾಘವಾಂಕನೂ ತಿದ್ದಿಸಿಕೊಂಡವನೇ. ಹರಿಶ್ಚಂದ್ರಕಾವ್ಯ ಬರೆದು ಮೆಚ್ಚುಗೆ ಪಡೆದು ಬಂದ ಈ ಸೋದರಳಿಯನ ಮೇಲೆ ಗುರು ಹರಿಹರ ಸಿಟ್ಟಾಗಿ ಹೊಡೆದನೆಂದೂ, ಹಲ್ಲುಗಳು ಉದುರಿದವೆಂದೂ, ಶಿವಶರಣರ ಚರಿತೆಗಳನ್ನು ಬರೆದಂತೆ ಅವು ಮರಳಿ ಬಂದವೆಂದೂ ಐತಿಹ್ಯವಿದೆ. ಐತಿಹ್ಯದ ಮಾತು ಹೇಗೇ ಇರಲಿ, ಪೆಟ್ಟು ತಿಂದ ಕವಿ ಲೇಖನಿಯನ್ನು ಕೆಳಗಿಡಲಿಲ್ಲವೆಂಬುದು ಮುಖ್ಯ. ಗುರು ಒಪ್ಪದ ಆ ಹರಿಶ್ಚಂದ್ರಕಾವ್ಯವೇ ಮುಂದೆ ಕನ್ನಡಿಗರ ಕಣ್ಮಣಿಯಾಯಿತು! ಯಾವುದು ಗೆಲುವು, ಯಾವುದು ಸೋಲು ಎಂಬುದನ್ನು ಅಂದಂದೇ ತೀರ್ಮಾನಿಸಲು ಹೊರಡುವವರು ಇದನ್ನು ಗಮನಿಸಬೇಕು.

ವ್ಯಕ್ತಿಗಳ ಮಾತು ಹಾಗಿರಲಿ, ಇಡೀ ಕಲ್ಯಾಣವೇ ಅಂದಿನ ಕಣ್ಣಿಗೆ ಸೋತಿತು. ಹರಳಯ್ಯ, ಮಧುವಯ್ಯನವರ ಮಕ್ಕಳ ಮದುವೆಯ ನಿಮಿತ್ತ ಘೋರ ಶಿಕ್ಷೆಯಾಯಿತು, ರಕ್ತ ಹರಿಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ಹೋದರು. ಶರಣರು ವಚನದ ಕಟ್ಟುಗಳನ್ನು ಹೊತ್ತು ದಿಕ್ಕು ದಿಕ್ಕಿಗೆ ಚದುರಿದರು. ಚನ್ನಬಸವಣ್ಣನವರು ಉಳವಿಯ ಕಾಡು ಸೇರಿದರು. ಇಂದು ಧಾರವಾಡ, ಬೆಳಗಾವಿ ಕಡೆಯ ರೈತರು ಭಾರತ ಹುಣ್ಣಿಮೆಯ ಜಾತ್ರೆಗೆ ಎತ್ತು ಸಿಂಗರಿಸಿ, ಚಕ್ಕಡಿ ಹೂಡಿ, ಹರಹರ ಎನ್ನುತ್ತ ಉಳವಿಯ ಹಾದಿ ಹಿಡಿಯುತ್ತಾರೆ. ಆ ಹಾದಿ ಮೊದಲಿಗೆ ಸೋತು ನಡೆದವರ ಹಾದಿಯಾಗಿತ್ತು. ಎಂಟು ನೂರು ವರ್ಷಗಳ ಮೇಲೆ ಅದು ಜಾತ್ರೆಯ ಹಾದಿಯಾಗಿದೆ.

ಚದುರಿಹೋದ ಆ ಕಟ್ಟುಗಳನ್ನು ಮತ್ತೆ ಕೂಡಿಸಿದವರು ನಮ್ಮ ಧಾರವಾಡದಲ್ಲಿಯೇ 1880ರಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು. ವಕೀಲಿ ಓದಿ ವಿಜಯಪುರದಲ್ಲಿ ನೆಲೆಸಿದ ಅವರು ಸುಮ್ಮನೆ ವಕೀಲಿ ಮಾಡಿಕೊಂಡಿದ್ದರೆ ಸುಖವಾಗಿರುತ್ತಿದ್ದರು. ಊರೂರು ಅಲೆದು ತಾಳೆಗರಿ ಕೂಡಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ವಚನಗಳನ್ನು ಅಚ್ಚು ಮಾಡಲು ಒಪ್ಪಲಿಲ್ಲ. ಕಡೆಗೆ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಕಟ್ಟಿದರು. 1926ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಹರಿದ ಕೋಟು, ಬಾಡಿಗೆಯ ಮನೆ, ಸಾಲದ ಚಿಂತೆ ಅವರ ಸಂಗಾತಿಗಳಾದವು. ಲೌಕಿಕದ ಲೆಕ್ಕ ಅವರಿಗೆ ಹತ್ತಲಿಲ್ಲ. ಅದರ ಭಾರವನ್ನು ಅವರ ಮನೆಯವರೂ ಹೊತ್ತರು. ಅದನ್ನು ಕೂಡ ನಾವು ಮರೆಮಾಡಬಾರದು. ದೊಡ್ಡವರ ತ್ಯಾಗವನ್ನು ಹೊಗಳುವಾಗ ಆ ತ್ಯಾಗದಲ್ಲಿ ತಮ್ಮ ಪಾಲು ಕೊಟ್ಟ ಹೆಂಡತಿ ಮಕ್ಕಳನ್ನು ನೆನೆಯದಿರುವುದು ಅನ್ಯಾಯ. ಇಷ್ಟೆಲ್ಲ ಕುಂದು ಕೊರತೆಗಳ ನಡುವೆಯೂ 1964ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಆ ಕೆಲಸದ ಕೈಬಿಡಲಿಲ್ಲ. ಇಂದು ನಮ್ಮ ಮನೆಗಳಲ್ಲಿ ವಚನದ ಪುಸ್ತಕ ಇದೆಯೆಂದರೆ ಅದಕ್ಕೆ ಆ ಹಟವೇ ಕಾರಣ.

ನಮ್ಮ ಕಾಲದವರೇ ಆದ ಮಲ್ಲಿಕಾರ್ಜುನ ಮನಸೂರರನ್ನು ಧಾರವಾಡದ ಬೀದಿಗಳಲ್ಲಿ ಕಂಡವರು ಇನ್ನೂ ಇದ್ದಾರೆ. 1937ರಲ್ಲಿ ಗುರು ಮಂಜೀಖಾನರು ತೀರಿಕೊಂಡಾಗ ಅವರ ಸಾಧನೆ ನಡುನೀರಿನಲ್ಲಿ ನಿಂತಿತು. ಬುರ್ಜೀಖಾನರಲ್ಲಿ ಮತ್ತೆ ಶಿಷ್ಯರಾಗಿ ಕುಳಿತು ಕಲಿತರು. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಅಂಚಿನಲ್ಲಿ. ಬೀಡಿಯ ಚಟ ಅವರಿಗಿದ್ದುದನ್ನು ಬಲ್ಲವರೆಲ್ಲ ಬಲ್ಲರು. ಆ ಬೀಡಿ ನಮಗೆ ಮಾದರಿಯಲ್ಲ. ಬೆಳಗಿನ ಜಾವದ ಆ ರಿಯಾಜು ಮಾದರಿ. ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕ ನಮಗಿರಬೇಕು. 1924ರಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದ ಮಹಾತ್ಮಾ ಗಾಂಧಿಯವರು ಬಾಲ್ಯದಲ್ಲಿ ಅಣ್ಣನ ಕಡಗದ ಚಿನ್ನ ಕದ್ದು, ತಂದೆಗೆ ಚೀಟಿ ಬರೆದು ಒಪ್ಪಿಕೊಂಡದ್ದನ್ನು ಆತ್ಮಕಥೆಯಲ್ಲಿ ತಾವೇ ಹೇಳಿದ್ದಾರೆ. ಆ ಪುಟವನ್ನು ಹರಿದುಹಾಕಿದ್ದರೆ ಪುಸ್ತಕ ಚಿಕ್ಕದಾಗುತ್ತಿತ್ತು. ಓದಿದವರಿಗೆ ಧೈರ್ಯವೂ ಕಡಿಮೆಯಾಗುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಶರಣರೂ ತಪ್ಪು ಮಾಡಿದರು, ಆದ್ದರಿಂದ ನಾವು ಮಾಡಿದರೇನು ಎಂದು ಹೇಳುವವರು ಹುಟ್ಟಿಕೊಳ್ಳಬಹುದು. ಅದು ಈ ಬರಹದ ಅಭಿಪ್ರಾಯವಲ್ಲ. ಮಾರಯ್ಯನವರು ಅಕ್ಕಿಯನ್ನು ಮರಳಿ ಸುರಿದು ಬಂದರು, ಇಟ್ಟುಕೊಂಡು ಉಣ್ಣಲಿಲ್ಲ. ಸಿದ್ಧರಾಮರು ಕೋಪವನ್ನು ಸಮರ್ಥಿಸಿಕೊಳ್ಳಲಿಲ್ಲ. ಮಾರಿತಂದೆಗಳು ಕನ್ನ ಹಾಕುವುದನ್ನು ಬಿಟ್ಟರು. ತಪ್ಪು ಎಲ್ಲರಿಗೂ ಸಾಮಾನ್ಯ. ಅದನ್ನು ಒಪ್ಪಿಕೊಂಡು, ತಿದ್ದಿಕೊಂಡು, ಹಿಡಿದ ಕೆಲಸವನ್ನು ಮತ್ತೆ ಹಿಡಿಯುವುದು ಶರಣರ ವಿಶೇಷ. ಪರೀಕ್ಷೆಯಲ್ಲಿ ತಪ್ಪುವುದು ನೀತಿಯ ತಪ್ಪೇ ಅಲ್ಲವೆಂಬುದನ್ನೂ ಮರೆಯಬಾರದು. ಕದ್ದವರಿಗೇ ಬಾಗಿಲು ತೆರೆದ ಪರಂಪರೆ, ಕೆಲವು ಅಂಕ ಕಡಿಮೆ ಬಂದ ಮಗುವಿಗೆ ಬಾಗಿಲು ಮುಚ್ಚೀತೇ?

ಈ ಪ್ರಶ್ನೆಯನ್ನು ನಾವು ಮೊದಲು ನಮಗೇ ಕೇಳಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ನಮ್ಮ ಹಿರಿಯ ಮಗ ಪರೀಕ್ಷೆಯಲ್ಲಿ ನಪಾಸಾದಾಗ ನಾವು ಅವನ ಮುಂದೆ ಶರಣರ ಹೆಸರು ಹೇಳಿ, ಅಂಥವರ ಪರಂಪರೆಯಲ್ಲಿ ಇಂಥವನು ಹುಟ್ಟಿದನಲ್ಲ ಎಂದು ನಾಲ್ಕು ಜನರೆದುರು ಆಡಿಬಿಟ್ಟೆವು. ಅವನು ಎದುರು ಮಾತಾಡಲಿಲ್ಲ. ಆದರೆ ಮುಂದೆ ಬಹಳ ಕಾಲ ನಮ್ಮ ಜೊತೆಗೆ ಕುಳಿತು ಊಟ ಮಾಡಲಿಲ್ಲ. ನಾವೂ ಎಸ್ಸೆಸ್ಸೆಲ್ಸಿಯಲ್ಲಿ ಒಮ್ಮೆ ಗಣಿತದಲ್ಲಿ ತಪ್ಪಿದವರು. ಆ ಮಾತನ್ನು ಅವನಿಗೆ ಹೇಳಿದ್ದರೆ ಸಾಕಾಗಿತ್ತು. ಹೇಳಲು ನಮ್ಮ ಹಿರಿತನ ಅಡ್ಡ ಬಂದಿತು. ಹಿರಿಯರ ಹೆಸರನ್ನು ಆಸರೆಯ ಕೋಲಾಗಿ ಕೊಡಬೇಕಾಗಿದ್ದಲ್ಲಿ ಹೊಡೆಯುವ ಕೋಲಾಗಿ ಬಳಸಿದೆವು.

ಆದ್ದರಿಂದ ತಂದೆ ತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮಕ್ಕಳಿಗೆ ಶರಣರ ಕಥೆ ಹೇಳುವಾಗ ಅವರು ಎಡವಿದ ಜಾಗದಲ್ಲಿ ಸ್ವಲ್ಪ ನಿಲ್ಲಿರಿ. ಸಾಧ್ಯವಾದರೆ ನಿಮ್ಮ ಸೋಲನ್ನೂ ಒಂದು ಹೇಳಿರಿ. ಪಕ್ಕದ ಮನೆಯ ಹುಡುಗನೊಡನೆ ಹೋಲಿಸಬೇಡಿರಿ. ಫಲಿತಾಂಶದ ದಿನ ಮಗ ಅಥವಾ ಮಗಳು ಮನೆಗೆ ಬಂದಾಗ ಮೊದಲು ತಾಟು ಹಾಕಿರಿ, ಪ್ರಶ್ನೆ ಆಮೇಲೆ ಕೇಳಿರಿ. ದೂರದ ಊರಿನಲ್ಲಿದ್ದರೆ ಫೋನಿನಲ್ಲಿ ಉಂಡೆಯಾ ಎಂದು ಕೇಳಿರಿ. ವಾರಗಟ್ಟಲೆ ಊಟ ನಿದ್ರೆ ಬಿಟ್ಟು ಮೌನವಾಗಿದ್ದರೆ ಅದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿಯಬೇಡಿರಿ. ಅದು ಮನಸ್ಸಿನ ಬೇನೆಯಾಗಿರಬಹುದು. ಅವರನ್ನು ಒಬ್ಬರನ್ನೇ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅದಕ್ಕಾಗಿಯೇ ನಮ್ಮ ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ, ಅಂದರೆ ಡಿಮ್ಹಾನ್ಸ್, ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಕಮರಿಯ ಅಂಚಿನಲ್ಲಿ ನಿಂತವನಿಗೆ ಕೈ ಹಿಡಿಯುವವರು ಬೇಕು. ಮಲ್ಲಯ್ಯ ಯಾವ ರೂಪದಲ್ಲಿ ಬರುತ್ತಾನೆಂದು ಹೇಳಬಲ್ಲವರು ಯಾರು?

ಓದುವ ಮಕ್ಕಳಿಗೂ ಒಂದು ಮಾತು. ಮತ್ತೆ ಅದೇ ಪರೀಕ್ಷೆಗೆ ಕೂಡ್ರುವುದೊಂದೇ ಛಲವಲ್ಲ. ಸಿದ್ಧರಾಮರು ಹುಡುಕಿ ಹೋದದ್ದು ಮಲ್ಲಯ್ಯನನ್ನು. ಮರಳಿ ಬಂದು ಕಟ್ಟಿದ್ದು ಕೆರೆಯನ್ನು. ಹಾದಿ ಬದಲಾಯಿತು, ನಡಿಗೆ ನಿಲ್ಲಲಿಲ್ಲ. ಇನ್ನೊಂದು ಸಲ ಪ್ರಯತ್ನಿಸುವುದೋ, ಬೇರೆ ಕಾಯಕ ಹಿಡಿಯುವುದೋ ಎಂಬುದನ್ನು ಶಾಂತ ಮನಸ್ಸಿನಿಂದ, ಮನೆಯವರೊಡನೆ ಕುಳಿತು ನಿರ್ಧರಿಸಿರಿ. ಯಾವುದನ್ನು ಆರಿಸಿದರೂ ನೀವು ಚಿಕ್ಕವರಾಗುವುದಿಲ್ಲ.

ಮೊನ್ನೆ ಸೋಮವಾರ ಆ ಹುಡುಗ ತಾನೊಬ್ಬನೇ ಮತ್ತೆ ಬಂದಿದ್ದ. ನಾವು ಈ ಸಲ ಉಪದೇಶ ಮಾಡಲಿಲ್ಲ. ನಮ್ಮ ಗಣಿತದ ಕಥೆಯನ್ನು ಮೊದಲು ಹೇಳಿದೆವು; ಅವನು ಸ್ವಲ್ಪ ನಕ್ಕ. ಆಮೇಲೆ ಶ್ರೀಶೈಲದ ಕಮರಿಯ ಕಥೆ ಹೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿಂದ ಬಂದ ಮ್ಯಾಲೆ ಏನ್ ಮಾಡಿದ್ರ್ರೀ ಅವರು?" ಎಂದು ಕೇಳಿದ. "ಊರಿಗೆ ಬಂದು ಕೆರಿ ಕಟ್ಟಿದ್ರಪಾ" ಎಂದೆವು. ಅವನು ಮತ್ತೇನೂ ಕೇಳಲಿಲ್ಲ. ನಮ್ಮ ಮನೆಯವರು ರೊಟ್ಟಿ ಬಡಿಸಿದರು. ಎರಡು ತಿಂದು, ಮೂರನೆಯದನ್ನೂ ಹಾಕಿಸಿಕೊಂಡ. ಮುಂದಿನ ತಿಂಗಳು ಊರಿಗೆ ಹೋಗಿ ತಂದೆಯ ಜೊತೆಗೆ ಮಾತಾಡಿ ಬರುತ್ತೇನೆಂದು ಹೇಳಿ ಹೋದ. ಅವನು ಏನು ನಿರ್ಧರಿಸುತ್ತಾನೆಂಬುದು ನಮಗೆ ತಿಳಿಯದು. ಆದರೆ ಅವನು ಊರಿನ ದಾರಿ ಹಿಡಿಯಲಿದ್ದಾನೆ, ತಂದೆಯೊಡನೆ ಮಾತಾಡಲಿದ್ದಾನೆ. ಸದ್ಯಕ್ಕೆ ಅಷ್ಟು ಸಾಕು.

ಎಡವಿಯೂ ನಡೆದವರ ಪರಂಪರೆ ನಮ್ಮದು. ಆ ಪರಂಪರೆಯನ್ನು ಇದ್ದಂತೆಯೇ ನಮ್ಮ ಮಕ್ಕಳ ಕೈಗೆ ಕೊಡೋಣ.